ಒಂದು ಲ್ಯಾಪ್‌ಟಾಪಿನ ನಾಲ್ಕು ಹೆಸರು

ನಕ್ಷೆ ಬರೆಯುವ ಸಾಫ್ಟ್‌ವೇರಿನ ಪರವಾನಗಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಯಲಹಂಕ ಉಪನಗರದ ಪಕ್ಕದ ಅಟ್ಟೂರಿನ ಹುಡುಗಿಯರ ಹಾಸ್ಟೆಲಿನ ಎರಡನೇ ಮಹಡಿಯಿಂದ, ಆರ್ಕಿಟೆಕ್ಚರ್ ಮೊದಲ ವರ್ಷದ ವಿದ್ಯಾರ್ಥಿನಿ ನಿಶಾತ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸರ್ವರ್ ಅಂತೂ ಕ್ಷೇಮವಾಗಿದೆ ಎಂದು ಖಚಿತವಾಗಿ ಗೊತ್ತು, ಏಕೆಂದರೆ ಹೋದ ವಾರದ ಮಂಗಳವಾರದಿಂದ ಅದು ನನ್ನನ್ನು ಹನ್ನೊಂದು ಸಲ, ಒಮ್ಮೆಯೂ ಬೇಸರಿಸದೆ, ಹೊರಗೆ ಹಾಕಿದೆ.

ಹೀಗೆ ಎಲ್ಲರೆದುರು, ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ತಮ್ಮ ದೂರಿನ ಫಾರ್ಮಿನಲ್ಲೇ ಗುಟ್ಟಾಗಿ ಬರೆಯೋಣವೆಂದಿದ್ದೆ. ಆದರೆ ಆ ಫಾರ್ಮ್ ಇರುವುದು ಸಾಫ್ಟ್‌ವೇರಿನ ಒಳಗೆ, ನನ್ನ ದೂರು ಇರುವುದು ಸಾಫ್ಟ್‌ವೇರ್ ತೆರೆಯುತ್ತಿಲ್ಲ ಎಂದು.

ಒಂದು ಪರವಾನಗಿಯನ್ನು ಮೂರು ಕಂಪ್ಯೂಟರ್‌ಗಳವರೆಗೆ ಬಳಸಬಹುದೆಂದು ತಾವು ದೊಡ್ಡ ಮನಸ್ಸಿನಿಂದ ಬರೆದಿದ್ದೀರಿ. ಆಗಸ್ಟಿನಲ್ಲಿ ಅದನ್ನು ಓದಿದಾಗ ನನಗೆ ಜಮೀನ್ದಾರಳಾದಷ್ಟು ಖುಷಿಯಾಗಿತ್ತು. ನನ್ನ ಬಳಿ ಇರುವುದು ಒಂದೇ ಲ್ಯಾಪ್‌ಟಾಪ್. ಉಳಿದ ಎರಡರ ಹಕ್ಕನ್ನು, ನಮ್ಮಮ್ಮಿ ನನ್ನ ಮದುವೆಗೆಂದು ಆರ್.ಟಿ. ನಗರದ ಮನೆಯ ಅಟ್ಟದ ಮೇಲೆ ಎತ್ತಿಟ್ಟಿರುವ ಸ್ಟೀಲ್ ಪಾತ್ರೆಗಳ ಹಾಗೆ, ಮನಸ್ಸಿನಲ್ಲೇ ಎತ್ತಿಟ್ಟುಕೊಂಡಿದ್ದೆ. ಅಂಥವಳಿಗೆ ಹೋದ ವಾರ ಮಂಗಳವಾರ ತಮ್ಮಿಂದ ಸಂದೇಶ ಬಂತು: ತಾವು ನಾಲ್ಕನೇ ಕಂಪ್ಯೂಟರ್ ಬಳಸುತ್ತಿದ್ದೀರಿ, ಮಿತಿ ಮೀರಿದೆ. ಮೊದಲು ಮಂಚದ ಕೆಳಗೆ ಬಗ್ಗಿ ನೋಡಿದೆ. ಚಪ್ಪಲಿ ಮಾತ್ರ ಇದ್ದವು.

ಆಮೇಲೆ ತಪ್ಪು ನನ್ನದೇ ಎಂದು ಗೊತ್ತಾಯಿತು. ಅದನ್ನು ಒಪ್ಪಿಕೊಳ್ಳಲೆಂದೇ ಈ ವಿವರ.

ನಾನು ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳು. ಮನೆಯಲ್ಲಿ ಬೆಳೆದ ಮಕ್ಕಳು ‘ಇದು ನನ್ನದು’ ಎಂದು ಹೇಳಲು ಕಲಿಯುತ್ತಾರೆ, ನಾವು ಬರೆಯಲು ಕಲಿಯುತ್ತೇವೆ. ಬಕೆಟ್, ತಟ್ಟೆ, ಬೀಗ, ಸೋಪಿನ ಡಬ್ಬಿ, ಎಲ್ಲದರ ಮೇಲೂ ರೂಮ್ ನಂಬರು ಮತ್ತು ಹೆಸರು ಇರಲೇಬೇಕು. ನಮ್ಮ ವಾರ್ಡನ್ ಲಕ್ಷ್ಮಿದೇವಮ್ಮನವರು ಅಟ್ಟೂರು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಒಂದು ಕೈಯಲ್ಲಿ ಕೆಂಪು ಪೇಂಟಿನ ಡಬ್ಬಿ, ಇನ್ನೊಂದರಲ್ಲಿ ಬ್ರಶ್ ಹಿಡಿದು, “ಎಸ್ರಿಲ್ದಿದ್ ಬಕೀಟು ಊರೋರ್ದೆಲ್ಲಾ ಬಕೀಟು ಕಣಮ್ಮಿ” ಎನ್ನುತ್ತಾ ಮಹಡಿ ಮಹಡಿ ತಿರುಗುತ್ತಾರೆ. ಜಗಳ ಹಣ್ಣಾಗುವ ಮೊದಲೇ ಹುಡುಗಿಯರನ್ನು ಬೇರೆ ಮಾಡಬೇಕೆಂಬ ಸಿದ್ಧಾಂತದಿಂದ ತಿಂಗಳಿಗೊಮ್ಮೆ ಎಲ್ಲರ ರೂಮ್ ಬದಲಿಸುತ್ತಾರೆ. ರೂಮ್ ಬದಲಾದರೆ ಬಕೆಟ್ಟಿನ ಮೇಲಿನ ಹಳೆಯ ನಂಬರಿಗೆ ಗೀಟು, ಪಕ್ಕದಲ್ಲಿ ಹೊಸ ನಂಬರು.

ಆಗಸ್ಟಿನಲ್ಲಿ ಅವರು ಬ್ರಶ್ ಅದ್ದಿಕೊಂಡು ನನ್ನ ಲ್ಯಾಪ್‌ಟಾಪಿನ ಬೆನ್ನಿಗೆ ಬಂದಾಗ ನಾನು ಹೆದರಿ, “ಆಂಟಿ, ಪ್ಲೀಸ್ ಬೇಡ, ಒಳಗೇ ಬರ್ದಿದ್ದೀನಿ ನೋಡಿ” ಎಂದು ಸೆಟ್ಟಿಂಗ್ಸ್ ತೆರೆದು, ಕಂಪ್ಯೂಟರಿನ ಹೆಸರು ಬರೆಯುವ ಜಾಗದಲ್ಲಿ ‘ರೂಮ್ ಏಳು ನಿಶಾತ್’ ಎಂದು ತುಂಬಿ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, “ಆಂ, ಸರಿ” ಎಂದು ಹೋದರು. ಸೆಪ್ಟೆಂಬರಿನಲ್ಲಿ ಅದು ‘ರೂಮ್ ಹನ್ನೆರಡು ನಿಶಾತ್’ ಆಯಿತು, ಅಕ್ಟೋಬರಿನಲ್ಲಿ ನಾಲ್ಕು, ಈಗ ಒಂಬತ್ತು. ನಾನು ಬಕೆಟ್ಟಿನ ನಂಬರು ಬದಲಿಸಿದೆ ಎಂದುಕೊಂಡಿದ್ದೆ; ತಾವು ನಾಲ್ಕು ಬಕೆಟ್ ಎಂದು ಬರೆದುಕೊಂಡಿರಿ.

ತಮ್ಮ ಕಣ್ಣಿನ ಸೂಕ್ಷ್ಮತೆಯನ್ನು ಎಷ್ಟು ಹೊಗಳಿದರೂ ಸಾಲದು. ಕಳುವಾದ ಚಮಚವನ್ನು ಮೂರು ಮಹಡಿ ದಾಟಿ ಪತ್ತೆ ಹಚ್ಚುವ ಲಕ್ಷ್ಮಿದೇವಮ್ಮನವರಿಗೂ ಇಷ್ಟು ದಿನ ಕಂಡಿದ್ದು ಒಂದೇ ಲ್ಯಾಪ್‌ಟಾಪ್.

ತಮ್ಮ ಸಹಾಯವಾಣಿಯ ಶಿವರಾಮ್ ಅವರೂ ಬಹಳ ಒಳ್ಳೆಯವರು. “ಮೇಡಂ, ರೂಮ್ ಏಳು ಕಂಪ್ಯೂಟರ್ ಈಗ ಎಲ್ಲಿದೆ?” ಎಂದು ಕೇಳಿದರು. “ನನ್ ಮುಂದೇನೇ ಇದೆ ಸರ್.” “ಹನ್ನೆರಡು?” “ಅದೂ ಇಲ್ಲೇ ಸರ್.” “ಗುಡ್. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದ್ ಫೋಟೋ ಕಳಿಸ್ಬಿಡಿ, ಒಂದನ್ನ ಲಿಸ್ಟಿಂದ ತೆಗೀತೀವಿ.” ನಾನು ಇರುವುದನ್ನು ಕಳಿಸಿದೆ. ಫೋಟೋದಲ್ಲಿ ಮೂರು ಕಂಪ್ಯೂಟರ್ ಕಡಿಮೆ ಇವೆ ಎಂದು ವಾಪಸ್ ಬಂತು. ಕೊನೆಗೆ ಶಿವರಾಮ್ ಅವರು ದನಿ ತಗ್ಗಿಸಿ ಒಂದು ಉಪಾಯ ಹೇಳಿ, “ನಾನ್ ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ” ಎಂದರು. ಆದ್ದರಿಂದ ಆ ಉಪಾಯ ನನಗೇ ಹೊಳೆಯಿತೆಂದು ತಾವು ದಯವಿಟ್ಟು ತಿಳಿಯಬೇಕು: ಲ್ಯಾಪ್‌ಟಾಪಿಗೆ ಮತ್ತೆ ‘ರೂಮ್ ಏಳು’ ಎಂದು ಹೆಸರಿಟ್ಟೆ.

ಸಾಫ್ಟ್‌ವೇರ್ ಹಳೆಯ ಗೆಳತಿಯನ್ನು ಕಂಡಂತೆ ಸ್ವಾಗತ ಕೋರಿತು. ಆಮೇಲೆ ಹೇಳಿತು: ರೂಮ್ ಏಳು ಹಳೆಯ ಆವೃತ್ತಿಯ ಕಂಪ್ಯೂಟರ್, ತಾವು ಅಕ್ಟೋಬರಿನಲ್ಲಿ ಅಪ್‌ಗ್ರೇಡ್ ಆಗಿದ್ದೀರಿ, ಅಪ್‌ಗ್ರೇಡ್ ಆದವರಿಗೆ ಹಳೆಯದರ ಹಕ್ಕಿಲ್ಲ, ಇದನ್ನೂ ಅಪ್‌ಗ್ರೇಡ್ ಮಾಡಿ. ಮಾಡಿದೆ. ಮಿತಿ ಮೀರಿದೆ ಎಂದಿತು. ಅಕ್ಟೋಬರಿನ ಆ ಅಪ್‌ಗ್ರೇಡನ್ನಾದರೂ ನಾನು ಕೇಳಿದ್ದೆನೇ? ತಟ್ಟೆ ತೊಳೆದು ಬರುವಷ್ಟರಲ್ಲಿ ಅದು ತಾನಾಗಿಯೇ ಆಗಿ ಕೂತಿತ್ತು. ಕಾಲೇಜಿನ ಲ್ಯಾಬಿನಲ್ಲಿ ಇನ್ನೂ ಹಳೆಯ ಆವೃತ್ತಿಯೇ ಇದೆ, ಅದು ನನ್ನ ಹೊಸ ಫೈಲನ್ನು ಮುಟ್ಟುವುದಿಲ್ಲ.

ಆ ಫೈಲಿನಲ್ಲಿರುವುದು ಅಟ್ಟೂರಿನ ಬಸ್ ಸ್ಟಾಪಿನ ನಕ್ಷೆ. ಮೂರು ಭಾನುವಾರ ಟೇಪ್ ಹಿಡಿದು, ಬಸ್ಸಿಗೆ ಕಾಯುವವರ ಕಾಲಡಿ ಕೂತು, “ಸ್ವಲ್ಪ ಕಾಲು ಎತ್ತಿ ಅಂಕಲ್” ಎಂದು ಬೇಡಿಕೊಂಡು ಅಳೆದದ್ದು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅದು ಡಿಸೈನ್ ಕಲಿಸುವ ರಾಧಾಮಣಿ ಮೇಡಂ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಡಿಸೈನ್ ಪರೀಕ್ಷೆಗೆ ನನ್ನನ್ನು ಕೂರಿಸುವುದಿಲ್ಲ, ಆ ವಿಷಯವನ್ನು ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಓದಬೇಕು. ಇವತ್ತು ಬುಧವಾರ. ನನಗೆ ಊಟ ಸೇರುತ್ತಿಲ್ಲ.

ಆದ್ದರಿಂದ ಕೆಲವು ಸಣ್ಣ ಬಿನ್ನಹಗಳು. ತಾವು ನೋಡಿರುವ ಇನ್ನೂ ಮೂರು ಲ್ಯಾಪ್‌ಟಾಪುಗಳು ಎಲ್ಲಿವೆಯೋ ಅಲ್ಲಿಂದ ಕಳಿಸಿಕೊಡಬೇಕು, ಫೋಟೋ ತೆಗೆದು ವಾಪಸ್ ಕೊಡುತ್ತೇನೆ. ಅದಾಗದಿದ್ದರೆ ಎಣಿಸಲು ಬಲ್ಲ ಒಬ್ಬ ಅಧಿಕಾರಿಯನ್ನು ಹಾಸ್ಟೆಲಿಗೆ ಕಳಿಸಬೇಕು. ಗೇಟಿನಲ್ಲಿ ಲಕ್ಷ್ಮಿದೇವಮ್ಮನವರು ಅವರ ಮೇಲೆ ಹೆಸರು ಬರೆಯದಂತೆ ನಾನು ನೋಡಿಕೊಳ್ಳುತ್ತೇನೆ, ಆದರೆ ಮಾತು ಕೊಡಲಾರೆ. ಅದೂ ಕಷ್ಟವಾದರೆ, ನಾಲ್ಕು ರೂಮಿನಲ್ಲಿದ್ದ ನಾನೂ ನಾಲ್ಕು ಜನ ಎಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ. ಮೆಸ್ಸಿನಲ್ಲಿ ನಾಲ್ಕು ಪಾಲು ಚಪಾತಿ ಸಿಗುತ್ತದೆ, ಒಬ್ಬಳು ಅಳುತ್ತಿರುವಾಗ ಉಳಿದ ಮೂವರು ನಕ್ಷೆ ಮುಗಿಸಬಹುದು.

ಒಬ್ಬಳೇ ಆದ, ಒಂದೇ ಲ್ಯಾಪ್‌ಟಾಪಿನ,
ತಮ್ಮ ವಿಶ್ವಾಸಿ,
ನಿಶಾತ್
(ರೂಮ್ 7, 12, 4, 9)

ತಾ.ಕ.: ಇದನ್ನು ಶುಕ್ರವಾರ ಸಂಜೆ ಸೇರಿಸುತ್ತಿದ್ದೇನೆ. ತಮ್ಮ ಉತ್ತರ ಬಂತು, ನನ್ನ ದೂರಿಗೆ ನಾಲ್ಕು ಬೇರೆ ಬೇರೆ ನಂಬರು ಕೊಟ್ಟಿದ್ದೀರಿ, ಧನ್ಯವಾದ. ಗುರುವಾರ ಇಡೀ ದಿನ ಮೆಸ್ಸಿನ ಉದ್ದ ಮೇಜಿನ ಮೇಲೆ, ಅಳತೆಯ ನೋಟ್‌ಬುಕ್ ನೋಡಿಕೊಂಡು, ಪೆನ್ಸಿಲಿನಲ್ಲಿ ಬಸ್ ಸ್ಟಾಪ್ ಬರೆದೆ. ಹಾಳೆ ಸುರುಳಿಯಾಗದಂತೆ ಲಕ್ಷ್ಮಿದೇವಮ್ಮನವರು ನಾಲ್ಕು ಮೂಲೆಗೆ ನಾಲ್ಕು ಸಾರಿನ ಲೋಟ ಇಟ್ಟರು. ರಾಧಾಮಣಿ ಮೇಡಂ ಹಾಳೆ ಎತ್ತಿ ಹಿಡಿದು, “ಯಾರದ್ದಮ್ಮಾ ಇದು? ಲೈನ್ ಚೆನ್ನಾಗಿದೆ, ಹೆಸರೇ ಇಲ್ವಲ್ಲ!” ಎಂದರು. ಹೆಸರು ಬರೆದರೆ ಎರಡನೇ ಹಾಳೆ ಎಂದು ಎಣಿಸಿಬಿಟ್ಟಾರೆಂಬ ಹೆದರಿಕೆಯಿಂದ ಐದನೇ ಕ್ಲಾಸಿನ ನಂತರ ಮೊದಲ ಸಲ ಹೆಸರು ಬಿಟ್ಟಿದ್ದೆ. ಕೈ ಎತ್ತಿದೆ. ಪರೀಕ್ಷೆಗೆ ಕೂರಬಹುದು.

ಸಂಜೆ ಬಂದಾಗ, ತಿಂಗಳು ತುಂಬುವ ಮೊದಲೇ, ಹೊಸ ರೂಮಿನ ಪಟ್ಟಿ ಅಂಟಿಸಿತ್ತು, ನನಗೆ ಹದಿನೈದು. “ಒಳ್ಗಡೆ ಬರ್ದಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು?” ಎಂದ ಲಕ್ಷ್ಮಿದೇವಮ್ಮನವರು ನಾನು ತಡೆಯುವ ಮೊದಲೇ ಲ್ಯಾಪ್‌ಟಾಪಿನ ಬೆನ್ನ ಮೇಲೆ ಅಂಗೈಯಗಲದ ಕೆಂಪು ಅಕ್ಷರಗಳಲ್ಲಿ ರೂಮ್ ನಂಬರು, ನನ್ನ ಹೆಸರು ಎರಡನ್ನೂ ಬರೆದರು. ಪೇಂಟ್ ಇನ್ನೂ ಒಣಗಿಲ್ಲ. ಒಳಗಿನ ಹೆಸರನ್ನು ಇನ್ನು ನಾನು ಮುಟ್ಟುವುದಿಲ್ಲ. ಹೊರಗಿನದನ್ನು ಎಣಿಸಬೇಕೆಂದರೆ ತಾವು ಅಟ್ಟೂರಿಗೇ ಬರಬೇಕು.