ನೀರು ಬರೋ ದಿನ ಸಮುದ್ರಕ್ಕೆ ಹೋಗಿದ್ದು

ನಮ್ಮ ಮನೆಯವರು ಊರು ಬಿಟ್ಟು ಹೊರಡೋದೇ ಅಪರೂಪ. ಹೊರಟರೆ ಒಂದು ಸಲಾನೂ ನೆಟ್ಟಗೆ ಹೋಗಿ ನೆಟ್ಟಗೆ ಬಂದಿದ್ದಿಲ್ಲ. ಮದುವೆಗೆ ಅಂತ ಹೋಗಿ, ಪಕ್ಕದ ಛತ್ರಕ್ಕೆ ನುಗ್ಗಿ, ಊಟ ಮಾಡಿ, ಗೊತ್ತಿಲ್ಲದ ಗಂಡು ಹೆಣ್ಣಿಗೆ ಮುಯ್ಯಿನೂ ಕೊಟ್ಟು ಬಂದಿರೋ ವಂಶ ನಮ್ಮದು. ಅಂಥದ್ರಲ್ಲಿ ನಾನು ಅತ್ತೇನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟಿದ್ದು ಯಾಕೆ ಅಂದ್ರೆ, ಅತ್ತೆಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದಾಗ ಕೈ ಹಿಡ್ಕೊಂಡು, "ಹೆಗ್ಗನಹಳ್ಳೀಲಿ ಹುಟ್ಟಿ ಅತ್ತಿಗುಪ್ಪೇಲಿ ಮುದುಕಿ ಆದೆ ಕಣಮ್ಮಿ. ಇಷ್ಟು ವರ್ಷದಲ್ಲಿ ಕಂಡಿರೋ ದೊಡ್ಡ ನೀರು ಅಂದ್ರೆ ನಮ್ಮೂರ ಕೆರೆ. ಈ ಕಣ್ಣು ಮತ್ತೆ ಮಂಜಾಗೋದ್ರೊಳಗೆ ಒಂದು ಸಲ ಸಮುದ್ರ ತೋರ್ಸಿಬಿಡು" ಅಂದ್ರು. ಜಗಳ ಆಡೋ ಅತ್ತೆ ಹಂಗೆ ಕೇಳಿದ್ರೆ ಕರುಳು ಚುರುಕ್ ಅನ್ನಲ್ವಾ? ಹೂಂ ಅಂದೆ.

ಆಚೇದಾ, ಈಚೇದಾ

ಹೋಗೋದು ಉಡುಪಿ ಕಡೆಗೆ ಅಂತ ಆಯ್ತು. ಸೀಸನ್ನು, ಇಡೀ ಬೆಂಗಳೂರೇ ಆ ಕಡೆ ಹೊರಟಿತ್ತು. ಹಂಗೂ ಹಿಂಗೂ ಒಂದು ಹೋಂಸ್ಟೇ ನಂಬರ್ ಸಿಕ್ತು.

ದಿನ ಯಾವುದು ಅನ್ನೋದೇ ದೊಡ್ಡ ಸಮಸ್ಯೆ. ನಮ್ಮ ಬೀದೀಲಿ ಕಾವೇರಿ ನೀರು ದಿನ ಬಿಟ್ಟು ದಿನ. ನೀರು ಬರೋ ದಿನ ಅತ್ತೆ ಗೇಟು ದಾಟಲ್ಲ. ನೆಲದಡಿಯ ಸಂಪಿನೊಳಗೆ ನೀರು ಬೀಳೋ ಸದ್ದು ಕೇಳಿದ್ರೆ ಸಾಕು, ಪೂಜೇಲಿದ್ರೂ ಎದ್ದು ನಿಂತು, "ನೀರು ಬಂತು, ಮೋಟರ್ ಹಾಕೇ!" ಅಂತ ಕೂಗ್ತಾರೆ. ಮೋಟರ್ ಸ್ವಿಚ್ಚು ಅವರ ಪಕ್ಕದ ಗೋಡೇಲೇ ಇರುತ್ತೆ, ಆದ್ರೂ ಹಾಕಬೇಕಾದವಳು ನಾನು. ಈ ಶನಿವಾರ ನೀರು ಬರೋ ದಿನ. ಅದಕ್ಕೇ ಮುಂದಿನ ಶನಿವಾರ ಅಂತ ಲೆಕ್ಕ ಹಾಕಿದ್ವಿ.

ನನ್ನದು ಫಾಲ್ಸು, ಪಿಕೋ, ಬ್ಲೌಸ್ ಹೊಲಿಯೋ ಅಂಗಡಿ. ಮಿಷನ್ ಗಡಗಡ ಅಂತಿರೋವಾಗ್ಲೇ ಹೋಂಸ್ಟೇ ಹೆಂಗಸಿಗೆ ಫೋನ್ ಮಾಡಿ ಮುಂದಿನ ಶನಿವಾರಕ್ಕೆ ರೂಮು ಕೇಳಿದೆ.

"ಆಚೇದು ಕೊಡುದಾ ಅಕ್ಕ, ಈಚೇದು ಕೊಡುದಾ?" ಅಂದ್ರು.

ನಮಗೆ ಆಚೆ ಅಂದ್ರೆ ಮನೆಯಿಂದ ಹೊರಗೆ. ಅವರ ಫೋಟೋದಲ್ಲಿ ಮರಳ ಮೇಲೆ ಟೆಂಟ್ ಹಾಕಿದ್ದು ಬೇರೆ ನೋಡಿದ್ದೆ. ಗಾಬರಿ ಆಯ್ತು. "ಅಯ್ಯೋ, ಆಚೆ ಬೇಡಿ ಮೇಡಂ. ವಯಸ್ಸಾದೋರು ಇದಾರೆ, ಥಂಡಿ ಆಗಲ್ಲ. ಈಚೇದೇ ಕೊಡಿ."

"ಈಚೇದೇ ಅಲ್ವಾ? ಮತ್ತೆ ಬದಲು ಮಾಡ್ಲಿಕ್ಕೆ ಆಗುದಿಲ್ಲ ಆಯ್ತಾ, ಮುಂದೆ ಎಲ್ಲ ಫುಲ್ ಆಗ್ತಾ ಉಂಟು."

"ಬದಲು ಯಾಕ್ರೀ ಮಾಡ್ತೀವಿ? ಗೋಡೆ ಒಂದಿದ್ರೆ ಸಾಕು."

ಅವರು ಮೆಲ್ಲಗೆ, "ಗೋಡೆ ಎಲ್ಲ ಶನಿವಾರವೂ ಇರ್ತದೆ ಅಕ್ಕ" ಅಂದ್ರು.

ಕರಾವಳಿಯವರು ಹಿಂಗೇ ಏನೋ ತಮಾಷೆ ಮಾಡ್ತಾರೆ ಅಂದ್ಕೊಂಡು ನಕ್ಕು ಫೋನ್ ಇಟ್ಟೆ.

ಬಿಸಿ ಮಾಡದ ಬೋಂಡ

ಮಾರನೇ ದಿನ ಊಟ ತಿಂಡಿ ವಿಚಾರಿಸೋಣ ಅಂತ ಮತ್ತೆ ಫೋನ್ ಮಾಡಿದೆ.

"ಬಂದ ಕೂಡ್ಲೇ ಬೊಂಡ ಕೊಡ್ತೇವೆ" ಅಂದ್ರು.

ನಮ್ಮತ್ತೆಗೆ ಬೋಂಡ ಅಂದ್ರೆ ಪ್ರಾಣ. ವಿಜಯನಗರದ ಗಾಡಿ ಮುಂದೆ ಹಾದು ಹೋಗೋವಾಗ ಅವರ ಕಾಲು ತಾನಾಗೇ ನಿಧಾನ ಆಗುತ್ತೆ. "ಬಿಸಿಬಿಸಿ ಇರುತ್ತಾ ಮೇಡಂ?" ಅಂತ ಕೇಳಿದೆ.

"ಬೊಂಡ ಯಾರು ಬಿಸಿ ಮಾಡ್ತಾರೆ ಮಾರಾಯ್ರೆ! ತಂಪಾಗಿ ಇರ್ತದೆ."

"ಎಣ್ಣೆ ಜಾಸ್ತಿ ಇರುತ್ತಾ?"

"ಎಣ್ಣೆಯಾ? ಅದು ಒಣಗಿದ ಮೇಲಲ್ವಾ ಎಣ್ಣೆ ತೆಗಿಯುದು?"

ನನಗೆ ತಲೆ ಗಿರ್ ಅಂತು. ಅಷ್ಟರಲ್ಲಿ ಅವರೇ, "ಎಳತು ಬೇಕಾ, ಬೆಳೆದದ್ದು ಬೇಕಾ?" ಅಂದ್ರು.

"ಆಲೂಗಡ್ಡೇದು" ಅಂದೆ.

ಅವರು ಸೋತು, "ನೀವು ಬನ್ನಿ ಅಕ್ಕ, ಇಲ್ಲಿ ನೋಡುವ. ಸ್ಟ್ರಾ ಅಂತೂ ಹಾಕಿಯೇ ಕೊಡ್ತೇವೆ" ಅಂದ್ರು.

ಬೋಂಡಕ್ಕೆ ಸ್ಟ್ರಾ! ನಮ್ಮೆಜಮಾನ್ರನ್ನ ಕೇಳಿದ್ರೆ, ಅವರು ಪೇಪರ್‌ನಿಂದ ತಲೆ ಎತ್ತದೆ, "ಉಡುಪಿಯೋರು ನಮಗೆಲ್ಲ ತಿಂಡಿ ತಿನ್ನೋದು ಕಲಿಸಿದೋರು ಕಣೇ. ಅವರು ಹೇಳಿದ್ಮೇಲೆ ಏನೋ ಇರುತ್ತೆ. ನೀನು ಸುಮ್ನೆ ಚಟ್ನಿ ಮಾಡ್ಕೊ" ಅಂದ್ರು.

ಸ್ಯಾಟಲೈಟ್

ಶುಕ್ರವಾರ ಮಧ್ಯಾಹ್ನ ಅದೇ ಹೆಂಗಸಿನ ಫೋನು. "ಹೊರಟ್ರಾ ಅಕ್ಕ? ನಾಳೆ ಬೆಳಿಗ್ಗೆ ಬರ್ತೀರಲ್ಲ?"

"ನಾಳೆ ಅಲ್ಲ ಮೇಡಂ, ಮುಂದಿನ ವಾರ."

"ಅಯ್ಯೋ ದೇವರೇ! ಆಚೆ ಶನಿವಾರ ಬೇಡ, ಈಚೇದೇ ಕೊಡಿ ಅಂತ ನೀವೇ ಹೇಳಿದ್ದಲ್ವಾ?"

ಆಗ ಬೆಳಗಾಯ್ತು ನನಗೆ. ಕೈಲಿದ್ದ ಕತ್ತರಿ ಹಂಗೇ ನಿಂತೋಯ್ತು. ಮುಂದಿನ ವಾರಕ್ಕೆ ಬದಲು ಮಾಡಿ ಅಂದ್ರೆ ರೂಮಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಷ್ಟು ಹೊತ್ತಿಗೆ ಮಳೆ ಶುರುವಾಗಿ ಸಮುದ್ರದ ಹತ್ತಿರ ಬಿಡೋದೇ ಇಲ್ಲವಂತೆ.

ಮನೆಗೆ ಓಡಿ ಅತ್ತೆಗೆ ಹೇಳಿದೆ. ಬೈತಾರೆ ಅಂದ್ಕೊಂಡ್ರೆ ಬೈಲಿಲ್ಲ. ಸಂಪಿನ ಕಡೆ ಒಂದು ಸಲ ನೋಡಿ, "ನಾಳೆ ನೀರು ಬರುತ್ತಲ್ಲ ಕಣಮ್ಮಿ. ಬಿಡು, ನನ್ನ ಹಣೇಲಿ ಬರ್ದಿಲ್ಲ" ಅಂತ ಸೆರಗಲ್ಲಿ ಮುಖ ಒರೆಸ್ಕೊಂಡ್ರು. ಬೈದಿದ್ರೆ ಪರವಾಗಿರಲಿಲ್ಲ. ನನಗೆ ಅಳುನೇ ಬಂದ್ಬಿಡ್ತು. "ಅದೇನ್ ಅತ್ತೆ, ನೀರು ಬರ್ಲಿ ಬಿಡ್ಲಿ, ನಾವು ಇವತ್ತೇ ಹೋಗೋದೇ!" ಅಂತ ರೇಗಿ, ಕೆಳಗಡೆ ಬಾಡಿಗೆ ಮನೆಯವಳನ್ನ ಕರೆದೆ. ಅತ್ತೆ ಅವಳಿಗೆ ಮೋಟರ್ ಹಾಕೋದು, ಆರಿಸೋದು, ಮತ್ತೆ ಹಾಕೋದು ಎಲ್ಲ ಹೇಳಿಕೊಟ್ಟು, ಹೇಳಿದ್ದನ್ನ ವಾಪಸ್ ಅವಳ ಬಾಯಲ್ಲೇ ಹೇಳಿಸಿದ್ರು. ಆಮೇಲೆ ಸೀರೆ ಬದಲಾಯಿಸಿದ್ರು.

ಯಜಮಾನ್ರು ಫೋನಲ್ಲೇ ಸುದ್ದಿ ಕೇಳಿ, ಟಿಕೆಟ್ ಮಾಡಿಸಿ, ಕೆಂಗೇರಿಯ ಕೆಲಸದಿಂದ ನೇರ ಸ್ಯಾಟಲೈಟಿಗೆ ಬರೋರು. ಸ್ಯಾಟಲೈಟ್ ಅಂದ್ರೆ ನಮ್ಮ ಕಡೆ ಮೈಸೂರು ರೋಡಿನ ಬಸ್ ಸ್ಟ್ಯಾಂಡು, ದೀಪಾಂಜಲಿ ನಗರದ ಹತ್ತಿರ. ಬಸ್ಸು ಒಳಗಡೆ ನಿಲ್ಲುತ್ತೋ ಹೊರಗಡೆ ನಿಲ್ಲುತ್ತೋ ಅಂತ ಕೇಳಿದ್ದಕ್ಕೆ, "ಮ್ಯಾಪ್ ಕಳಿಸ್ತೀನಿ ಇರು" ಅಂದ್ರು. ಮ್ಯಾಪಲ್ಲಿ ಸ್ಯಾಟಲೈಟ್ ಅಂತ ಒಂದು ಬಟನ್ ಇರುತ್ತಲ್ಲ, ಅದನ್ನ ಒತ್ತಿದಾರೆ, ಮ್ಯಾಪು ನಿಂತಿದ್ದು ನಮ್ಮ ಮನೆ ಮೇಲೆ. ನಾವು ಆಟೋ ಹತ್ತಿ ಬೀದಿ ತಿರುಗಿದ್ವಿ, ಫೋಟೋ ಬಂತು. ಅದರಲ್ಲಿ ಬಸ್ಸೂ ಇಲ್ಲ, ಸ್ಟ್ಯಾಂಡೂ ಇಲ್ಲ. ಮೇಲಿನಿಂದ ತೆಗೆದ ಬರೀ ಮನೆಗಳ ತಾರಸಿ.

ಅತ್ತೆ ಫೋನ್ ಕಿತ್ಕೊಂಡು ಹೊಸ ಕಣ್ಣಿಗೆ ಹಿಡಿದ್ರು. "ಇದು ನಮ್ಮನೆ ಅಲ್ವೇನೇ? ಅಯ್ಯಯ್ಯೋ, ಟ್ಯಾಂಕಿನ ಮುಚ್ಚಳ ತೆಗೆದೇ ಇದೆ! ಪಾರಿವಾಳ ಬೀಳುತ್ತೆ, ತಿರುಗಿಸಪ್ಪಾ ಆಟೋನ!"

"ಅತ್ತೆ, ಅದು ಯಾವ ಕಾಲದ ಫೋಟೋನೋ!"

"ನನ್ನ ಕಣ್ಣು ಈಗ ಸರಿಯಾಗಿದೆ. ನಿನ್ನದನ್ನ ತೋರ್ಸ್ಕೋ."

ಆಟೋದವರು ನಗ್ತಾ ತಿರುಗಿಸಿದ್ರು. ಅತ್ತೆ ಮಂಡಿ ನೋವು ಮರ್ತು ಮೆಟ್ಟಿಲು ಹತ್ತಿದ್ರು. ಮುಚ್ಚಳ ಭದ್ರವಾಗಿ ಮುಚ್ಚಿತ್ತು. ಅಷ್ಟರಲ್ಲಿ ಯಜಮಾನ್ರ ಫೋನು: "ಬಸ್ ಸ್ಟಾರ್ಟ್ ಮಾಡ್ತಿದಾರೆ ಕಣೇ, ಎಲ್ಲಿದೀರಾ?"

"ಟೆರೇಸ್ ಮೇಲೆ."

"ಯಾವ ಟೆರೇಸ್?"

"ನೀವೇ ಕಳಿಸಿದ್ರಲ್ಲ, ಸ್ಯಾಟಲೈಟು. ಅಲ್ಲೇ ಇದೀವಿ!"

ನೀರು ಬಂತು

ಯಜಮಾನ್ರು ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಡ್ರೈವರ್ ಹತ್ತಿರ ಬೈಸ್ಕೊಳ್ತಾ ನಿಂತಿದ್ರು. ಹಂಗಾಗಿ ಬಸ್ ಸಿಕ್ತು. ಬೆಳಿಗ್ಗೆ ಹೋಂಸ್ಟೇ ಮುಟ್ಟಿದ್ವಿ.

ಆ ಹೆಂಗಸು ನಗುನಗ್ತಾ ಮೂರು ಎಳನೀರು ತಂದು ಎದುರಿಗಿಟ್ಟು, "ಬೊಂಡ ತಗೊಳ್ಳಿ" ಅಂದ್ರು. ಅಷ್ಟರಲ್ಲಿ ಅತ್ತೆ ಚಟ್ನಿ ಡಬ್ಬಿ ಬಿಚ್ಚಿ, ಬೆರಳಿಗೆ ಹಚ್ಚಿಕೊಂಡು ರೆಡಿಯಾಗಿದ್ರು. ಅವರು ಎಳನೀರು ನೋಡಿದ್ರು, ನಾನು ಅತ್ತೇನ ನೋಡಿದೆ, ಆ ಹೆಂಗಸು ಚಟ್ನಿ ನೋಡಿದ್ರು. "ಬೊಂಡಕ್ಕೆ ಚಟ್ನಿಯಾ? ನಿಮ್ಮ ಬೆಂಗಳೂರಲ್ಲಿ ಹೀಗೆ ಕುಡಿಯುದಾ?" ಅಂತ ಪಾಪ ನಿಜವಾಗ್ಲೂ ಕೇಳಿದ್ರು.

ಅತ್ತೆ ಬೆರಳು ನೆಕ್ಕಿ, ಸ್ಟ್ರಾ ಬಾಯಿಗಿಟ್ಟು, "ನಮ್ಮ ಸೊಸೆ ಕಟ್ಟಿದ ಬುತ್ತಿ ಕಣಮ್ಮ, ಹಿಂಗೇ" ಅಂದ್ರು.

ಆಮೇಲೆ ಬೀಚಿಗೆ ಹೋದ್ವಿ. ಜನವೋ ಜನ. ನಮ್ಮ ವಿಜಯನಗರದ ಮಾರ್ಕೆಟ್ಟನ್ನೇ ಎತ್ತಿ ಮರಳ ಮೇಲೆ ಸುರಿದಂಗಿತ್ತು. ಗಲಾಟೆ ಮಧ್ಯೆ ದಾರಿ ಮಾಡ್ಕೊಂಡು ಅತ್ತೇನ ಮುಂದಕ್ಕೆ ಕರ್ಕೊಂಡು ಹೋದೆ. ಎದುರಿಗಿದ್ದೋರು ಸರಿದ್ರು. ಸಮುದ್ರ ಪೂರ್ತಿ ಕಾಣಿಸ್ತು.

ಅತ್ತೆ ಆಪರೇಷನ್ ಆಗದೇ ಇರೋ ಕಣ್ಣನ್ನ ಅಂಗೈಯಲ್ಲಿ ಮುಚ್ಚಿ, ಆಗಿರೋ ಕಣ್ಣಲ್ಲಿ ಈ ತುದಿಯಿಂದ ಆ ತುದಿವರೆಗೆ ನೋಡಿದ್ರು. ಕೆನ್ನೆ ಮೇಲೆ ನೀರು ಇಳೀತಿತ್ತು. "ಸಾರ್ಥಕ ಆಯ್ತು ಕಣಮ್ಮಿ" ಅಂದ್ರು. ಯಜಮಾನ್ರು ವಿಡಿಯೋ ಮಾಡೋದು ಬಿಟ್ಟು ಆ ಕಡೆ ತಿರುಗಿ ಮೂಗು ಸೀಟಿದ್ರು. ಇಷ್ಟು ದಿನದ ಗೊಂದಲ ಎಲ್ಲ ಇದಕ್ಕೋಸ್ಕರಾನೇ ಅನ್ನಿಸ್ತು.

ಅತ್ತೆ ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿ ಮಂತ್ರ ಗುನುಗೋಕೆ ಶುರು ಮಾಡಿದ್ರು. ಒಂದು ದೊಡ್ಡ ಅಲೆ ಸೊಯ್ಯಂತ ಬಂದು ಅವರ ಪಾದಕ್ಕೆ ಬಡೀತು. ಅತ್ತೆ ಬೆಚ್ಚಿಬಿದ್ದು, ಮಂತ್ರ ಅರ್ಧಕ್ಕೆ ಬಿಟ್ಟು, ಇಡೀ ಬೀಚಿಗೆ ಕೇಳೋ ಹಂಗೆ ಕೂಗಿದ್ರು:

"ನೀರು ಬಂತು! ಮೋಟರ್ ಹಾಕೇ!"

ನನ್ನ ಕೈ ತಾನಾಗೇ ಗೋಡೆ ಹುಡುಕ್ತು. ನಾಚಿಕೆಯಾಗಿ ಸುತ್ತ ನೋಡಿದ್ರೆ, ಮರಳ ಮೇಲೆ ಮಲಗಿದ್ದೋರಲ್ಲಿ ಅರ್ಧ ಜನ ದಡಬಡ ಎದ್ದು ನಿಂತಿದ್ರು. ಎಲ್ಲಾ ನಮ್ಮ ಬೆಂಗಳೂರಿನವರೇ.