ಕಸದ ಲಾರಿಯ ಹಾಡು ಮತ್ತು ನಮ್ಮ ನಡುಮನೆಯ ಉಚ್ಚೆಯ ಬಗ್ಗೆ

ಮುಖ್ಯಸ್ಥರು, ನಗರದ ಕಸ ಸಾಗಣೆ ವಿಭಾಗ, ಇವರ ಸನ್ನಿಧಿಗೆ
(ಒಂದು ಪ್ರತಿ ನಮ್ಮ ಓಣಿಗೆ ಬರುವ ಹಳದಿ ಲಾರಿಗೆ, ಇನ್ನೊಂದು ಓಣಿಯ ಗುಡಿಯ ಗೋಡೆಗೆ)

ಮಾನ್ಯರೇ,

ತಮಗೂ ತಮ್ಮ ಕಚೇರಿಯ ಸಮಸ್ತರಿಗೂ, ತಮ್ಮ ಲಾರಿಗಳಿಗೂ, ಆ ಲಾರಿಗಳ ಹಿಂಬದಿಯಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು ನಿಂತು ಸಾಗುವ ತಮ್ಮ ಕೆಲಸಗಾರರಿಗೂ ಆಯುರಾರೋಗ್ಯವನ್ನು ಕೋರಿ, ದಕ್ಷಿಣ ತೈವಾನಿನ ಹಳೆ ಉಪ್ಪಿನ ಓಣಿಯ ಕೋ ಯೂಶಾ ಎಂಬ ನಾನು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಬುಧವಾರ ಮತ್ತು ಭಾನುವಾರ ಬಿಟ್ಟು ಪ್ರತಿ ಸಂಜೆ ತಮ್ಮ ಲಾರಿ ಅದೇ ಪಿಯಾನೋ ರಾಗವನ್ನು ಧ್ವನಿವರ್ಧಕದಲ್ಲಿ ಹಾಕಿಕೊಂಡು ಓಣಿಯ ಬಾಯಿಗೆ ಬರುವುದು, ನಾವೆಲ್ಲ ಉಣ್ಣುವ ಬಟ್ಟಲು ಅಲ್ಲೇ ಬಿಟ್ಟು ಕಸದ ಚೀಲ ಹಿಡಿದು ಓಡಿಬರುವುದು ನನ್ನ ಸೊಸೆಯ ವಯಸ್ಸಿನವರು ಹುಟ್ಟುವ ಮೊದಲಿನಿಂದ ನಡೆದು ಬಂದಿದೆ. ಈ ಓಣಿಯಲ್ಲಿ ಯಾರ ಮಾತಿಗೂ ಏಳದವರು ತಮ್ಮ ಲಾರಿಯ ಮಾತಿಗೆ ಏಳುತ್ತಾರೆ. ಇಂಥ ಅಧಿಕಾರವನ್ನು ತಾವು ಇನ್ನೂ ಸ್ವಲ್ಪ ಎಚ್ಚರದಿಂದ ಬಳಸಬೇಕಿತ್ತು ಎಂಬುದೇ ನನ್ನ ದೂರಿನ ಸಾರಾಂಶ.

ನಮ್ಮ ಯಜಮಾನರು ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಓಣಿಯನ್ನು ನೋಡುತ್ತ ಕೂರುವುದು, ಕೇಳಿದ್ದಕ್ಕೆ ಹೂಂ ಅನ್ನುವುದು, ಇಷ್ಟೇ ಅವರ ಸಂಸಾರವಾಗಿತ್ತು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮೀನು ತರಲು ಹೋದವರು ಸ್ಕೂಟರಿನ ಬುಟ್ಟಿಯಲ್ಲಿ ಗೆಣಸಿನ ಬಣ್ಣದ ಒಂದು ನಾಯಿಮರಿಯನ್ನು ತಂದು ಇಳಿಸಿದರು. "ಮೀನಂಗಡಿ ಹಿಂದೆ ಒಂದೇ ಕೂತಿತ್ತು ಕಣೇ. ಬೇರೆ ಯಾರನ್ನೂ ನೋಡ್ಲಿಲ್ಲ, ನನ್ನನ್ನೇ ನೋಡ್ತು. ಹೆಸರು ಹಾನ್‌ಜಿ ಅಂತ ಇಟ್ಟಿದೀನಿ," ಅಂದರು. ಹಾನ್‌ಜಿ ಅಂದರೆ ಗೆಣಸು. ಅವರು ಒಂದು ವಾರಕ್ಕೆ ಆಡುವಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದರಿಂದ, ಮೀನು ಎಲ್ಲಿ ಎಂದು ಕೇಳುವುದು ನನಗೆ ಮರೆತುಹೋಯಿತು.

ಅಷ್ಟರಲ್ಲಿ ಪಕ್ಕದ ಬೀದಿಯಿಂದ ನಮ್ಮ ಯಜಮಾನರ ಅಕ್ಕ ಚಿನ್‌ಯೆ ಬಂದರು. ಅವರ ಎದುರಿಗೆ ನಾನು ಒಂದು ಮಾತು ಕೊಟ್ಟೆ. ನಮ್ಮ ನಡುಮನೆಯಲ್ಲಿ ದೇವರ ಮೇಜಿದೆ, ತೀರಿಹೋದ ಹಿರಿಯರ ಹೆಸರು ಬರೆದ ಫಲಕವಿದೆ, ಗೋಡೆಯ ಮೇಲೆ ನಮ್ಮ ಅತ್ತೆಯವರ ಪಟವಿದೆ. ಆ ಕೋಣೆಯಲ್ಲಿ ಈ ಪ್ರಾಣಿ ಒಂದು ಹನಿ ಬೀಳಿಸಿದರೂ ಕಡಲ ಕಡೆ ಮೀನು ಸಾಕುವ ನನ್ನ ತಮ್ಮನ ಹೊಂಡಗಳಿಗೆ ಹೋಗತಕ್ಕದ್ದು, ಅಲ್ಲಿ ಅವನ ಮೂರು ಕಾವಲು ನಾಯಿಗಳ ಜೊತೆ ಬಾಳತಕ್ಕದ್ದು ಎಂದೆ. ನಾನು ಕೊಟ್ಟ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ಈ ಓಣಿ ಇದುವರೆಗೆ ಕಂಡಿಲ್ಲ.

ಮರಿಗೆ ಶಿಸ್ತು ಕಲಿಸುವ ಭಾರವನ್ನು ಮೊದಲು ನನ್ನ ಸೊಸೆ ಪೇಶಾನ್ ಹೊತ್ತುಕೊಂಡಳು. ಮೊಬೈಲ್ ನೋಡಿ, ಕೂಸಿಗೆ ಹಾಸುವಂಥ ಬಿಳಿ ಹಾಸುಗಳ ಒಂದು ಕಟ್ಟು ತಂದು ಅಡುಗೆಮನೆಯ ಮೂಲೆಯಲ್ಲಿ ಹರಡಿದಳು. "ಅತ್ತೆ, ಈಗೆಲ್ಲ ಹೀಗೇನೇ. ಇದ್ರ ಮೇಲೆ ಮಾಡ್ಸಿ ಮಾಡ್ಸಿ ಅಭ್ಯಾಸ ಆಗುತ್ತೆ," ಅಂದಳು. "ಮನೆಯೊಳಗೆ ಹೊಯ್ಕೊಳ್ಳೋಕೆ ಹಾಸಿಗೆ ಬೇರೆ ಹಾಸಿಕೊಡ್ತೀಯಾ? ನಿನ್ನ ಗಂಡನ್ನ ನಾನು ಇದ್ಯಾವುದೂ ಇಲ್ದೇ ಬೆಳೆಸಿದೀನಿ," ಎಂದೆ. ಹಾನ್‌ಜಿ ನಮ್ಮಿಬ್ಬರ ಮಾತನ್ನೂ ಗೌರವಿಸಿ, ಹಾಸನ್ನು ಹರಿದು ಅದರ ಹತ್ತಿಯ ಮೇಲೆ ಮಲಗಿ ನಿದ್ದೆ ಮಾಡಿ, ಎದ್ದು ಪಕ್ಕದ ಬರಿನೆಲದಲ್ಲಿ ಉಚ್ಚೆ ಹೊಯ್ಯಿತು.

ಊಟದ ವಿಷಯದಲ್ಲೂ ಹೀಗೇ ಆಯಿತು. ಪೇಶಾನ್ ಒಣ ಕಾಳಿನಂಥ ಅದರ ಆಹಾರವನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದಳು. ನಾನು ಮುಳ್ಳು ಬಿಡಿಸಿದ ಮೀನು ಹಾಕಿ ಗಂಜಿ ಬೇಯಿಸಿ ಇಡುತ್ತಿದ್ದೆ. ಯಜಮಾನರು ಮೇಜಿನ ಕೆಳಗೆ ಸೋಯಾ ರಸದಲ್ಲಿ ಬೆಂದ ಹಂದಿ ಚರ್ಮದ ತುಂಡುಗಳನ್ನು ಬೀಳಿಸುತ್ತಿದ್ದರು, ಬೀಳಿಸಿ ಛಾವಣಿಯನ್ನು ನೋಡುತ್ತಿದ್ದರು. ತಮ್ಮ ಲಾರಿಯ ಹಿಂದಿನ ಎಂಜಲಿನ ಡಬ್ಬಿಗೆ ಆ ದಿನಗಳಲ್ಲಿ ನಮ್ಮ ಮನೆಯಿಂದ ಏನೂ ಬೀಳದೆ ಆ ಎಂಜಲನ್ನೇ ತಿಂದು ಬೆಳೆಯುವ ಹಂದಿಗಳಿಗೆ ನಷ್ಟವಾಗಿದ್ದರೆ ಈ ಮೂಲಕ ವಿಷಾದಿಸುತ್ತೇನೆ. ಮೂರು ಅಡುಗೆಮನೆಗಳ ಊಟ ಒಂದೇ ಹೊಟ್ಟೆಗೆ ಇಳಿದದ್ದರ ಫಲವನ್ನು ನಾನೇ ಬಕೆಟ್ಟು ಹಿಡಿದು ಒರೆಸಿದ್ದೇನೆ. ಕೊನೆಗೆ ಪಶುವೈದ್ಯೆಯೊಬ್ಬಳು, ನನ್ನ ಮಗಳ ವಯಸ್ಸಿನವಳು, "ಅಜ್ಜಿ, ಉಪ್ಪು ಬೇಡ, ಸೋಯಾ ಬೇಡ, ಈರುಳ್ಳಿಯಂತೂ ಬೇಡ್ವೇ ಬೇಡ. ಏನು ಹಾಕಿದ್ರೂ ಹೊತ್ತಿಗೆ ಸರಿಯಾಗಿ ಹಾಕಿ, ಹಾಕಿದ ಮೇಲೆ ಹೊರಗೆ ಕರ್ಕೊಂಡು ಹೋಗಿ," ಅಂದಳು. ಅಂದಿನಿಂದ ಬಟ್ಟಲು ನನ್ನ ಕೈಗೆ ಬಂತು. ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಬೇಯಿಸಿದ ಗೆಣಸನ್ನು ಸ್ವಲ್ಪ ಹಿಸುಕಿ, ಹೊತ್ತಿಗೆ ಸರಿಯಾಗಿ ಇಡತೊಡಗಿದೆ. ಯಜಮಾನರ ಕುರ್ಚಿಯನ್ನು ಮೇಜಿನ ಆಚೆ ತುದಿಗೆ ಹಾಕಿಸಿದೆ.

ತಮ್ಮ ಪ್ರವೇಶವಾಗುವುದು ಇಲ್ಲಿಯೇ, ಮಾನ್ಯರೇ. ಸಂಜೆಯ ಊಟವಾದ ಮೇಲೆ ಮರಿಯನ್ನು ಹೊರಗೆ ಒಯ್ಯುವ ಹೊತ್ತೂ ತಮ್ಮ ಲಾರಿ ಬರುವ ಹೊತ್ತೂ ಒಂದೇ ಆದ್ದರಿಂದ, ನಾನು ಒಂದು ಕೈಯಲ್ಲಿ ಕಸದ ಚೀಲವನ್ನೂ ಇನ್ನೊಂದು ಕೈಯಲ್ಲಿ ಮರಿಯ ಹಗ್ಗವನ್ನೂ ಹಿಡಿದು ಹೊರಟೆ. ಹಾಡು ಕೇಳಿಸಿತು. ಹಾನ್‌ಜಿ ಕಿವಿ ನಿಮಿರಿಸಿ, ಗುಡಿಯ ಎದುರಿನ ಹುಲ್ಲಿನ ಮೇಲೆ ಕೂತು, ಹಾಡು ಮುಗಿಯುವಷ್ಟರಲ್ಲಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿತು. ನಾನು ಹೊಗಳಿ ಬೇಯಿಸಿದ ಕೋಳಿ ಈಲಿಯ ಒಂದು ಚೂರು ಕೊಟ್ಟೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ವಾರ ಕಳೆಯುವುದರೊಳಗೆ ಮರಿಯ ತಲೆಯಲ್ಲಿ ಒಂದು ಕಾನೂನು ಕೂತುಬಿಟ್ಟಿತು: ಹಾಡು ಕೇಳಿದರೆ ಹೊಯ್ಯಬೇಕು, ಹಾಡಿಲ್ಲದಿದ್ದರೆ ತಡೆದುಕೊಳ್ಳಬೇಕು. ಸೊಸೆಯ ಮೊಬೈಲಿಗೂ ನನ್ನ ಗದರಿಕೆಗೂ ಸಾಧ್ಯವಾಗದ್ದನ್ನು ತಮ್ಮ ಲಾರಿ ಸಾಧಿಸಿತು ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಂಡಿರಬಹುದು.

ತೊಡಕು ಏನೆಂದರೆ ತಾವು ಸಂಜೆ ಮಾತ್ರ ಬರುತ್ತೀರಿ, ಮರಿಗೆ ಬೆಳಿಗ್ಗೆಯೂ ಮಧ್ಯಾಹ್ನವೂ ಬರುತ್ತದೆ. ತಾವು ಬುಧವಾರ ಭಾನುವಾರ ವಿಶ್ರಮಿಸುತ್ತೀರಿ, ಅದರ ಮೂತ್ರಕೋಶಕ್ಕೆ ರಜೆಯಿಲ್ಲ. ಹೀಗಾಗಿ, ಮದುವೆ ಮನೆಯಲ್ಲಿ ಕೂಡ ಎಂದೂ ಹಾಡದ ನಾನು, ಹುಲ್ಲಿನ ಮೇಲೆ ನಿಂತು ತಮ್ಮ ಲಾರಿಯ ರಾಗವನ್ನು ನನ್ನ ಬಾಯಿಂದಲೇ ಹಾಡಬೇಕಾಯಿತು. ಮೊದಲ ಬುಧವಾರ ಎದುರುಮನೆಯ ಅಲಾನ್ ಎರಡೂ ಕೈಯಲ್ಲಿ ಚೀಲ ಹಿಡಿದು ಏದುಸಿರು ಬಿಡುತ್ತ ಓಡಿಬಂದಳು. "ಯೂಶಕ್ಕಾ, ನೀನಾ? ಇವತ್ತು ರಜಾ ಅಲ್ವಾ, ಲಾರಿ ಹೆಂಗೆ ಬಂತು ಅಂದ್ಕೊಂಡೆ. ಬಂದಿದ್ದೀನಿ, ಚೀಲ ನೀನೇ ಇಸ್ಕೊಂಡ್ಬಿಡು," ಅಂದಳು. ಈ ಅವಮಾನವನ್ನು ನಾನು ಸಹಿಸಿದೆ.

ಸಹಿಸಲಾಗದ್ದು ಕಳೆದ ಭಾನುವಾರ ನಡೆಯಿತು. ಅಂದು ನಮ್ಮ ಅತ್ತೆಯವರ ತಿಥಿ. ನಡುಮನೆಯ ಮೇಜಿನ ಮೇಲೆ ಕೋಳಿ, ಮೀನು, ಹಣ್ಣು, ಅತ್ತೆಯವರಿಗೆ ಇಷ್ಟವಾದ ಕುಂಬಳಕಾಯಿ ಹಾಕಿದ ಶಾವಿಗೆ ಎಲ್ಲ ಇಟ್ಟಿದ್ದೆ. ಊದುಬತ್ತಿ ಅರ್ಧ ಉರಿದಿತ್ತು. ಚಿನ್‌ಯೆ ಅಕ್ಕ ಕೈಮುಗಿದು ನಿಂತಿದ್ದರು. ಹಾನ್‌ಜಿ ಅಷ್ಟೊಂದು ಕೋಳಿಯ ವಾಸನೆಯ ನಡುವೆಯೂ ಯಜಮಾನರ ಕಾಲ ಬಳಿ ಭಕ್ತಿಯಿಂದ ಮಲಗಿತ್ತು. ಆಗ ಎದುರುಮನೆಯ ತೆರೆದ ಕಿಟಕಿಯಿಂದ, ಹೊಸದಾಗಿ ಪಿಯಾನೋ ಕಲಿಯುತ್ತಿರುವ ಅಲಾನಳ ಮೊಮ್ಮಗಳು, ತನ್ನ ಗುರುಗಳು ಕೊಟ್ಟ ಮೊದಲ ಪಾಠವನ್ನು ನುಡಿಸತೊಡಗಿದಳು. ಆ ಪಾಠ ಯಾವುದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಹಾನ್‌ಜಿ ಎದ್ದಿತು, ಅತ್ತೆಯವರ ಪಟದ ನೇರಕ್ಕೆ ಹೋಗಿ ಕೂತಿತು. ಆ ಮಗು ತಪ್ಪಿದಲ್ಲೆಲ್ಲ ಮತ್ತೆ ಮೊದಲಿನಿಂದ ನುಡಿಸಿದ್ದರಿಂದ, ಮರಿಯೂ ಮತ್ತೆ ಮೊದಲಿನಿಂದ ಮಾಡಿತು.

 ಚಿನ್‌ಯೆ ಅಕ್ಕ ಮುಗಿದ ಕೈ ಇಳಿಸಿ, "ಯೂಶಾ, ನಿನ್ನ ತಮ್ಮನಿಗೆ ನೀನೇ ಫೋನ್ ಮಾಡ್ತೀಯೋ, ನಾನು ಮಾಡ್ಲೋ?" ಅಂದರು. ಯಜಮಾನರು ನೆಲ ಒರೆಸಿದರು. ಮರಿಯ ಹಳೇ ಟವೆಲನ್ನು ಮಡಚಿ ಸ್ಕೂಟರಿನ ಬುಟ್ಟಿಯಲ್ಲಿಟ್ಟರು. ಹೋಗಿ ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತರು. ಕರೆದರೆ ಹೂಂ ಅಂದರು.

ನಾನು ಮಾತಿಗೆ ತಪ್ಪುವವಳಲ್ಲ, ಮಾನ್ಯರೇ. ಆದರೆ ತಪ್ಪು ಯಾರದೆಂದು ತಿಳಿಯದೆ ಶಿಕ್ಷೆ ಕೊಡುವವಳೂ ಅಲ್ಲ. ತೀರಿಹೋದ ಹಿರಿಯರ ಉತ್ತರ ತಿಳಿಯಲು ನೆಲಕ್ಕೆ ಎಸೆಯುವ ಎರಡು ಮರದ ಅರ್ಧಚಂದ್ರಗಳನ್ನು ತೆಗೆದುಕೊಂಡು ಅತ್ತೆಯವರ ಮುಂದೆ ಮಂಡಿಯೂರಿದೆ. ತಪ್ಪು ಮರಿಯದೇ ಎಂದು ಕೇಳಿ ಎಸೆದೆ. ಎರಡೂ ಬೋರಲು ಬಿದ್ದವು, ಅಂದರೆ ಅಲ್ಲ. ಹಂದಿ ಚರ್ಮ ತಿನ್ನಿಸುವ ಅವರ ಮಗನದೇ ಎಂದು ಕೇಳಿದೆ. ಎರಡೂ ಅಂಗಾತ ಬಿದ್ದವು, ಅಂದರೆ ಅತ್ತೆಯವರು ನಗುತ್ತಿದ್ದಾರೆ. ಕಸ ಸಾಗಣೆ ವಿಭಾಗದ್ದೇ ಎಂದು ಕೇಳಿದೆ. ಒಂದು ಬೋರಲು, ಒಂದು ಅಂಗಾತ. ಹೌದು. ಬದುಕಿದ್ದಷ್ಟು ಕಾಲ ನನ್ನ ಅಡುಗೆಯ ಉಪ್ಪನ್ನೂ ಒಪ್ಪದಿದ್ದ ಅತ್ತೆಯವರು ಮೊದಲ ಬಾರಿಗೆ ನನ್ನ ಮಾತನ್ನು ಒಪ್ಪಿದರು. ಆದರೆ ಚಿನ್‌ಯೆ ಅಕ್ಕ ಒಪ್ಪಲಿಲ್ಲ. "ಅಮ್ಮ ಯಾವತ್ತೂ ನಾಯಿ ಪಕ್ಷಾನೇ. ಅವಳ ಸಾಕ್ಷಿ ನಡೆಯಲ್ಲ. ತಪ್ಪು ಸರ್ಕಾರದ್ದು ಅಂತೀಯಾದ್ರೆ ಸರ್ಕಾರದ ಮೊಹರು ತಗೊಂಡ್ಬಾ," ಅಂದರು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಭಾನುವಾರ ನಮ್ಮ ನಡುಮನೆಯಲ್ಲಿ ಬಿದ್ದ ಉಚ್ಚೆಯು ನಾಯಿಮರಿಯದಲ್ಲ, ತಮ್ಮ ವಿಭಾಗದ್ದು ಎಂದು ಒಪ್ಪಿ, ಮೊಹರು ಹಾಕಿದ ಒಂದು ಪತ್ರವನ್ನು ಕೊಡಬೇಕು. ಮುಂದೆ ಹೀಗಾಗದಂತೆ, ಯಾವ ಮಗುವೂ ಕಲಿಯಲು ಬಯಸದ, ಯಾವ ಗುರುವೂ ಕಲಿಸಲು ಒಪ್ಪದ ಬೇರೊಂದು ರಾಗವನ್ನು ಲಾರಿಗೆ ಅಳವಡಿಸಬೇಕು. ಅದು ಕಷ್ಟವಾದರೆ, ಊರಿನ ಪಿಯಾನೋಗಳನ್ನೆಲ್ಲ ದೊಡ್ಡ ಕಸ ಎಂದು ಪರಿಗಣಿಸಿ ಸಾಗಿಸಬೇಕು. ಬುಧವಾರ, ಭಾನುವಾರ, ಮತ್ತು ಎಲ್ಲ ದಿನ ಬೆಳಿಗ್ಗೆ, ಕಸ ತೆಗೆದುಕೊಳ್ಳದಿದ್ದರೂ ಅಡ್ಡಿಯಿಲ್ಲ, ಲಾರಿ ಬರೀ ಹಾಡಿಕೊಂಡು ನಮ್ಮ ಓಣಿಯಲ್ಲಿ ಹಾದುಹೋಗಬೇಕು. ನನ್ನ ಗಂಟಲು ತಮ್ಮ ಇಲಾಖೆಯ ಆಸ್ತಿಯಲ್ಲ.

ತಮ್ಮ ಪತ್ರ ಬರುವವರೆಗೆ ವಿಷಯವು ಸರ್ಕಾರದ ಪರಿಶೀಲನೆಯಲ್ಲಿರುವುದರಿಂದ, ಅಲ್ಲಿಯವರೆಗೆ ಮರಿಯನ್ನು ಎಲ್ಲಿಗೂ ಕಳಿಸಲಾಗದು ಎಂದು ನಾನು ಮನೆಯಲ್ಲಿ ತಿಳಿಸಿದೆ. ಮೊಹರು ಕೇಳಿದವರು ಸ್ವತಃ ಅವರೇ ಆದ್ದರಿಂದ ಚಿನ್‌ಯೆ ಅಕ್ಕನಿಗೆ ಎದುರಾಡಲು ಏನೂ ಉಳಿಯಲಿಲ್ಲ. ಯಜಮಾನರು ಕುರ್ಚಿಯಲ್ಲಿ ಕೂತಲ್ಲಿಂದಲೇ, "ಸರ್ಕಾರದೋರು ಯಾವಾಗ ಉತ್ತರ ಕೊಡ್ತಾರೆ?" ಎಂದು ಕೇಳಿದರು. "ಪಕ್ಕದಲ್ಲಿರೋ ಕಂಬ ನೋಡಿ," ಎಂದೆ. ತಮ್ಮ ಲಾರಿ ಹಿಂದೆ ಸರಿಯುವಾಗ ತಾಗಿ ವಾಲಿಸಿದ ನಮ್ಮ ಗೇಟಿನ ಕಂಬವದು. ಅದರ ಬಗ್ಗೆ ನಾನು ದೂರು ಬರೆದಾಗ, ಪರಿಶೀಲಿಸಲಾಗುತ್ತಿದೆ ಎಂದು ತಾವು ತಿಳಿಸಿದ್ದಿರಿ. ಆಗ ನನ್ನ ಮಗ ಒಂದನೇ ತರಗತಿಯಲ್ಲಿದ್ದ. ಈಗ ಪೇಶಾನಳ ಗಂಡನಾಗಿದ್ದಾನೆ. ಪರಿಶೀಲನೆ ಇನ್ನೂ ಮುಗಿದಿಲ್ಲ. ಯಜಮಾನರು ಕಂಬವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಬುಟ್ಟಿಯಿಂದ ಟವೆಲು ತೆಗೆದು, ಮರಿಯ ಜೊತೆ ಮಾತಿಗೆ ಕೂತರು. ಇದನ್ನು ಬರೆಯುವ ಹೊತ್ತಿಗೂ ನಿಲ್ಲಿಸಿಲ್ಲ.

ನಾಯಿಗಳು ಹದಿನೈದು ವರ್ಷ ಬದುಕುತ್ತವೆಂದು ವೈದ್ಯೆ ಹೇಳುತ್ತಾಳೆ. ಗಂಡಸರ ವಿಷಯ ಅವಳಿಗೆ ಗೊತ್ತಿಲ್ಲ. ಆದ್ದರಿಂದ ಈ ನನ್ನ ದೂರನ್ನು ಆತುರದಿಂದ ನೋಡಬೇಡಿ ಎಂದು ಕೈಮುಗಿದು ಬೇಡುತ್ತೇನೆ. ಒಂದು ಸಮಿತಿ ಮಾಡಿ. ಅದರ ಮೇಲೆ ಇನ್ನೊಂದು ಸಮಿತಿ ಮಾಡಿ. ಕಡತ ಕಳೆದುಹೋದರೆ ಹುಡುಕಬೇಡಿ. ಕಂಬದ ವಿಷಯದಲ್ಲಿ ತಾವು ತೋರಿದ ನಿಷ್ಠೆಯನ್ನೇ ಇಲ್ಲಿಯೂ ತೋರುವಿರೆಂಬ ಭರವಸೆಯಲ್ಲಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಕೋ ಯೂಶಾ
ಹಳೆ ಉಪ್ಪಿನ ಓಣಿ, ವಾಲಿದ ಕಂಬದ ಮನೆ

ವಿ.ಸೂ.: ತಮ್ಮ ಕಚೇರಿಗೆ ಹೊಸದಾಗಿ ಸೇರಿದ ಯಾರಾದರೂ ತಿಳಿಯದೆ ಉತ್ತರ ಬರೆದುಬಿಟ್ಟರೆ, ಅದನ್ನು ದಯವಿಟ್ಟು ಅಂಚೆಯಲ್ಲೇ ಕಳಿಸಿ, ಗೇಟಿನ ಸಂದಿಯಿಂದ ಒಳಗೆ ಹಾಕಿಸಿ. ಹಾಗೆ ಬೀಳುವ ಕಾಗದಗಳನ್ನೆಲ್ಲ ಹಾನ್‌ಜಿ ಎರಡು ದಿನಗಳಿಂದ ಅಗಿದು ನುಂಗುತ್ತಿದೆ. ಈ ಅಭ್ಯಾಸವನ್ನು ಬಿಡಿಸುವ ಕೆಲಸವನ್ನು ನಾನು ಇನ್ನೂ ಕೈಗೆತ್ತಿಕೊಂಡಿಲ್ಲ, ಪರಿಶೀಲಿಸುತ್ತಿದ್ದೇನೆ.