ಪಿಕಪ್ ಬಂತು

ನನಗೆ ಯಂತ್ರಗಳ ಬಗ್ಗೆ ಏನೇನೂ ತಿಳಿಯದು. ತಿಳಿಯದವನು ಸುಮ್ಮನಿರಬೇಕಲ್ಲವೆ ಎಂದು ನೀವು ಕೇಳಬಹುದು. ಸುಮ್ಮನಿರುವುದಕ್ಕೂ ಒಂದು ಪ್ರತಿಭೆ ಬೇಕು ಸ್ವಾಮಿ, ಅದೂ ನನ್ನಲ್ಲಿಲ್ಲ. ಹಾಗಾಗಿಯೇ ಊಟಿ ಕಡೆಯ ಒಂದು ರೆಸಾರ್ಟಿನವರು ಇನ್ನೇನು ಬಿಸಾಡಬೇಕೆಂದಿದ್ದ ಹಳೆಯ ಎಟಿವಿಯೊಂದನ್ನು ಬೇಗೂರಿನ ನಮ್ಮ ಹೊಲಕ್ಕೆ ತಂದುಬಿಟ್ಟೆ. ಎಟಿವಿ ಎಂದರೆ ನಾಲ್ಕು ದಪ್ಪ ಚಕ್ರಗಳ, ಬೈಕಿನ ಹಾಗೆ ಆಚೀಚೆ ಕಾಲು ಹಾಕಿ ಕೂರುವ ಗಾಡಿ. ನಮ್ಮದು ಟೂ ಸ್ಟ್ರೋಕ್ ಎಂಜಿನ್ನಿನದು. ತಗ್ಗಿನ ಹೊಲದಿಂದ ಚೆಂಡುಹೂವಿನ ಮೂಟೆಗಳನ್ನು ರಸ್ತೆಗೆ ಏರಿಸಲು ಇದಕ್ಕಿಂತ ಯೋಗ್ಯ ವಾಹನವಿಲ್ಲವೆಂದು ಚಾಮರಾಜನಗರದ ಕಚೇರಿಯಲ್ಲಿ ಫ್ಯಾನಿನಡಿ ಕೂತು ತೀರ್ಮಾನಿಸಿದ್ದೆ. ಬೇಸಾಯದ ಬಗ್ಗೆ ನನ್ನ ಶ್ರೇಷ್ಠ ತೀರ್ಮಾನಗಳೆಲ್ಲ ಆಗುವುದು ಅಲ್ಲೇ.

ಗಾಡಿಗೆ ಇದ್ದದ್ದು ಒಂದೇ ಕೊರತೆ, ಪಿಕಪ್ ಇರಲಿಲ್ಲ. ಹ್ಯಾಂಡಲ್ಲಿನ ಎಕ್ಸಿಲೇಟರನ್ನು ಹೆಬ್ಬೆರಳಲ್ಲಿ ಒತ್ತಿದರೆ ಅದು ‘ಬ್ವಾ...’ ಎಂದು ಆಕಳಿಸಿ, ನನ್ನ ಮನವಿಯನ್ನು ಪರಿಶೀಲನೆಗೆ ತೆಗೆದುಕೊಂಡು, ನಾನು ಆಸೆ ಬಿಟ್ಟು ಬೆರಳು ತೆಗೆಯುವ ಹೊತ್ತಿಗೆ ಒಮ್ಮೆ ಮುಗ್ಗರಿಸಿ ಆಫ್ ಆಗುತ್ತಿತ್ತು. ಸರ್ಕಾರಿ ನೌಕರನಾದ ನನಗೆ ಇದು ಬಹಳ ಆತ್ಮೀಯವೆನಿಸುವ ನಡವಳಿಕೆ. ನನ್ನ ಹೆಂಡತಿ ಗೌರಿಗೆ ಹಾಗೆನಿಸಲಿಲ್ಲ. “ಈ ಭಾನ್ವಾರ ಒಂದು ಮೂಟೆ ಹೂ ಹೊತ್ಕಂಡು ದಿಬ್ಬ ಹತ್ತದೆ ಓದ್ರೆ ಗುಜರಿಗೆ ಹಾಕ್ಬುಡ್ತೀನಿ, ಆಮೇಲೆ ಮೂತಿ ಊದಿಸ್ಕಬೇಡಿ” ಎಂದಳು. ಗೌರಿ ಹೇಳಿದ್ದನ್ನು ಮಾಡುವವಳು. ನನಗೋ ಆ ಗಾಡಿಯ ಮೇಲೆ ವಿಪರೀತ ಪ್ರೀತಿ ಬಂದುಬಿಟ್ಟಿತ್ತು.

ಗುಂಡ್ಲುಪೇಟೆಯಿಂದ ಮೆಕ್ಯಾನಿಕ್ ಮಾದೇಶನನ್ನು ಕರೆಸಿದೆ. ಗೌರಿ ಅವನೆದುರಿಗೂ ಭಾನುವಾರದ ಗುಜರಿಯ ಮಾತು ಬಿಡಲಿಲ್ಲ. ಅವನು ಕಾರ್ಬೊರೇಟರ್ ಬಿಚ್ಚಿ ಬಾಯಲ್ಲಿ ಊದಿದ. ಒಂದು ಸ್ಕ್ರೂವನ್ನು ಬಲಕ್ಕೆ ತಿರುಗಿಸಿ ಯೋಚಿಸಿದ, ಎಡಕ್ಕೆ ತಿರುಗಿಸಿ ಇನ್ನೂ ಗಾಢವಾಗಿ ಯೋಚಿಸಿದ. “ಆಯ್ಲು ಸಾಲ್ದು ಸಾ” ಎಂದು ಪೆಟ್ರೋಲಿಗೆ ಇನ್ನಷ್ಟು ಆಯಿಲ್ ಬೆರೆಸಿದ. ಪಿಕಪ್ ಬರಲಿಲ್ಲ, ಹೊಗೆ ಬಂತು. ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳಲು ಕಾರು ನಿಲ್ಲಿಸಿದ್ದ ಕೇರಳದ ಕುಟುಂಬವೊಂದು ಮಂಜು ಕವಿಯಿತೆಂದು ಮೊದಲು ಸಂತೋಷಪಟ್ಟು, ಆಮೇಲೆ ಕೆಮ್ಮುತ್ತ ಕಾರು ಹತ್ತಿತು.

ಶನಿವಾರ ಸಂಜೆ ತಡೆಯಲಾರದೆ ಮಾದೇಶನಿಗೆ ಫೋನ್ ಮಾಡಿದೆ. “ನಾಳೆ ಬೆಳಿಗ್ಗೆ ಹೊತ್ಗೆ ನನಗೆ ಪಿಕಪ್ ಬೇಕೇ ಬೇಕು ಕಣಪ್ಪ. ಏನು ಮಾಡ್ತೀಯೋ ಗೊತ್ತಿಲ್ಲ.”

“ಅಷ್ಟೇನಾ? ಕಳಿಸ್ತೀನಿ ಬುಡಿ ಸಾ.”

ಪಿಕಪ್ಪನ್ನು ಯಾರಾದರೂ ಹೇಗೆ ಕಳಿಸುತ್ತಾರೆ ಎಂದು ನನ್ನಂಥ ವಿದ್ಯಾವಂತನಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸುಮ್ಮನೆ ಕಾಯಲಾಗದೆ ಸೀಟಿನಡಿಯ ಡಬ್ಬಿಯೊಂದರ ಮುಚ್ಚಳ ತೆಗೆದೆ. ಒಳಗೆ ಒದ್ದೆ ವಿಭೂತಿ ಮೆತ್ತಿದ ಸ್ಪಂಜು, ಅದರ ಮೇಲೆ ಬಾಡಿದ ಚೆಂಡುಹೂವಿನ ಎಸಳುಗಳು. ಆಗ ನೆನಪಾಯಿತು. ಗಾಡಿ ಮನೆಗೆ ಬಂದ ದಿನ ಪೂಜೆ ಮಾಡಿದವನು ನಾನೇ. ಹೊರಗೆಲ್ಲ ವಿಭೂತಿ ಬಳಿದ ಮೇಲೆ, ಎಂಜಿನ್ನಿನ ಹೃದಯ ಇದೇ ಇರಬೇಕೆಂದು ಈ ಮುಚ್ಚಳ ತೆಗೆದು, ಒಳಗೂ ಧಾರಾಳವಾಗಿ ಬಳಿದು ಹೂ ಏರಿಸಿದ್ದೆ. ಮುಚ್ಚಳದ ಮೇಲೆ ಬರೆದೇ ಇತ್ತು, ಅದು ಏರ್ ಫಿಲ್ಟರ್! ಪಾಪ, ಅಷ್ಟು ದಿನವೂ ಅದು ಗಾಳಿಯ ಬದಲು ನನ್ನ ಭಕ್ತಿಯನ್ನು ಉಸಿರಾಡುತ್ತಿತ್ತು. ಸ್ಪಂಜನ್ನು ಪೆಟ್ರೋಲಿನಲ್ಲಿ ತೊಳೆದು, ಹಿಂಡಿ, ಬಿಸಿಲಿಗೆ ಒಣಗಿಸಿ ಮತ್ತೆ ಕೂರಿಸಿದೆ.

ಅಷ್ಟರಲ್ಲಿ ಹಾರನ್ ಸದ್ದು. ದಿಬ್ಬ ಇಳಿದು ಹೊಲಕ್ಕೇ ಬಂತು ಒಂದು ಪಿಕಪ್. ಹೌದು, ತರಕಾರಿ, ಹೂವು, ಎಮ್ಮೆ ಎಲ್ಲ ಸಾಗಿಸುವ ಲಗೇಜು ಗಾಡಿ. ನಮ್ಮ ಕಡೆ ಅದೂ ಪಿಕಪ್ಪೇ. ಡ್ರೈವರ್ ಇಳಿದು, “ಮಾದೇಶಣ್ಣ ಕಳ್ಸುದ್ರು ಸಾ. ಗುಜರಿಗೆ ಓಗೋದು ಇದೇ ತಾನೆ?” ಎನ್ನುತ್ತ ಹಿಂಬಾಗಿಲು ತೆರೆದು ಹಲಗೆ ಇಟ್ಟ.

ಗೌರಿಯ ಮುಖ ಅರಳಿತು. “ನೀವೇ ಕರ್ಸುದ್ರಾ? ಪರ್ವಾಗಿಲ್ಲ, ಬುದ್ಧಿ ಬಂದದೆ” ಎಂದವಳೇ ಮೊದಲು ತನ್ನ ಹೂವಿನ ಮೂಟೆಗಳನ್ನೆಲ್ಲ ಹತ್ತಿಸಿದಳು. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿದುಹೋಯಿತು. “ತಡಿ, ಈಗ ನೋಡು” ಎಂದು ಎಟಿವಿ ಏರಿ ಸ್ಟಾರ್ಟ್ ಮಾಡಿ, ಎಂದಿನ ಸಿಟ್ಟಿನಲ್ಲಿ, ಎಂದಿನಷ್ಟೇ ಜೋರಾಗಿ ಎಕ್ಸಿಲೇಟರ್ ಒತ್ತಿದೆ.

ಈ ಸಲ ಅದು ಆಕಳಿಸಲಿಲ್ಲ. ಒತ್ತಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಹಲಗೆಯನ್ನು ಒಂದೇ ಉಸಿರಿಗೆ ಹತ್ತಿ, ಪಿಕಪ್ಪಿನೊಳಗೆ ಹೂವಿನ ಮೂಟೆಗೆ ಮುಖ ಒತ್ತಿ ನಿಂತಿದ್ದೆವು, ನಾನೂ ಅದೂ.

“ಏನ್ ಪಿಕಪ್ ಸಾ!” ಎಂದ ಡ್ರೈವರ್, ಪಕ್ಕಕ್ಕೆ ಹಾರಿ ನಿಂತವನು.

“ನೋಡ್ದಾ? ಹತ್ತಿತು!” ಎಂದು ಕೂಗಿದೆ.

“ನಾನು ಹತ್ತಿ ಅಂದದ್ದು ದಿಬ್ಬವ, ನೀವು ಹತ್ತಿರೋದು ಗುಜರಿ ಗಾಡಿಯ” ಎಂದಳು ಗೌರಿ. “ಎತ್ತಿ ಹಾಕೋ ಕೆಲ್ಸನೂ ಉಳೀತು. ಈಗ ಇಳೀರಿ, ಇಲ್ದೆ ಓದ್ರೆ ಅಲ್ಲಿ ನಿಮ್ಮುನ್ನೂ ಸೇರಿಸಿ ತೂಕಕ್ಕೆ ಹಾಕ್ಬುಟ್ಟಾರು.”

ಅವಳ ಮಾತು ಮುಗಿಯುವ ಮೊದಲೇ ನಾನು ನೆಲದ ಮೇಲಿದ್ದೆ. ಆ ವಿಷಯದಲ್ಲಿ ನನಗೆ ಯಾವ ಮೆಕ್ಯಾನಿಕ್ಕೂ ಬೇಕಿಲ್ಲ. ಮದುವೆಯಾದ ದಿನದಿಂದಲೂ ನನ್ನ ಪಿಕಪ್ ಚೆನ್ನಾಗಿಯೇ ಇದೆ.